ಮನೆಯೊಳಗಿನ ಗಿಡಕ್ಕೆ ಬಿಳಿ ಹುಳ, ಬೇವಿನೆಣ್ಣೆ ಮೂರು ಸಲ ಹೊಡೆದರೂ ಜಗ್ಗುತ್ತಿಲ್ಲ

ಬಿಸಿಲೂರ ಗಿಡ, ಕಲಬುರಗಿ

ನಮಸ್ಕಾರ ರೀ ಎಲ್ಲರಿಗೂ. ಸೇಡಂ ರೋಡ್ ಕಡೆ ಎರಡನೇ ಮಹಡಿಯಲ್ಲಿ ಬಾಡಿಗೆ ಮನೆ ನಮ್ಮದು. ಅಂಗಳ ಇಲ್ಲ, ಅದಕ್ಕೆ ಹಾಲ್‌ನಲ್ಲೇ ಹದಿನಾಲ್ಕು ಕುಂಡ ಸೇರಿಕೊಂಡಿವೆ. ಕ್ರೋಟನ್ ಎರಡು, ಜೇಡ್ ಒಂದು, ಅರೇಕಾ ಪಾಮ್ ಒಂದು, ಉಳಿದದ್ದೆಲ್ಲ ಮನಿ ಪ್ಲಾಂಟ್ ಮತ್ತು ಅದರ ಮರಿಗಳು. ಕಿಟಕಿಯ ಗ್ರಿಲ್‌ನಲ್ಲಿ ಒಂದು ದಾಸವಾಳ, ಒಂದು ತುಳಸಿ.

ಯುಗಾದಿ ಆದ ವಾರಕ್ಕೆ ಕ್ರೋಟನ್ ಎಲೆಯ ಕಂಕುಳಲ್ಲಿ ಹತ್ತಿ ಸಿಕ್ಕಿಸಿದ ಹಾಗೆ ಬಿಳಿ ಬಿಳಿ ಕಂಡಿತು. ಧೂಳು ಅಂದುಕೊಂಡು ಒರೆಸಿದೆ. ಹತ್ತು ದಿನಕ್ಕೆ ಜೇಡ್‌ಗೂ ಬಂತು. ಈಗ ಕುಂಡದ ಸುತ್ತ ಪರಸಿ ಮೇಲೆ ಕಾಲಿಟ್ಟರೆ ಪಾನಕ ಚೆಲ್ಲಿದ ಹಾಗೆ ಅಂಟುತ್ತದೆ. ಬೇವಿನೆಣ್ಣೆ ತಂದು ಲೀಟರ್ ನೀರಿಗೆ 5 ಮಿಲಿ ಹಾಕಿ, ಬಟ್ಟೆ ಸೋಪು ತುರಿದು ಕಲಸಿ, ವಾರಕ್ಕೊಂದರಂತೆ ಮೂರು ಸಲ ಹೊಡೆದೆ. ಎಣ್ಣೆ ಮೇಲೆ ತೇಲುತ್ತದೆ, ಕೆಳಗೆ ಮೊಸರು ಒಡೆದ ಹಾಗೆ ಏನೋ ಕೂರುತ್ತದೆ, ಸ್ಪ್ರೇ ಬಾಟಲಿಯ ತೂತು ಕಟ್ಟುತ್ತದೆ. ಹುಳ ಮಾತ್ರ ಆರಾಮಾಗಿದೆ. ಉಲ್ಟಾ ಜೇಡ್ ಎಲೆ ಉದುರಿಸುತ್ತಿದೆ. ಮನೆಯವರು "ಎಲ್ಲ ತೆಗೆದು ಹೊರಗೆ ಹಾಕು, ಇಲ್ಲಾಂದ್ರೆ ನಾನೇ ಹಾಕ್ತೀನಿ" ಅಂತಿದ್ದಾರೆ. ಏನು ಮಾಡಲಿ?

ಸುಸಲಾ ಮಿರ್ಚಿ

ಮನೆಯವರನ್ನು ಹೊರಗೆ ಹಾಕಿ. ಗಿಡ ಉಳೀತಾವೆ.

ಜೇವರ್ಗಿ ರೋಡ್

ಅದು ಹಿಟ್ಟು ತಿಗಣೆ, ಮೀಲಿಬಗ್. ನಮ್ಮ ಕಾಕಾನ ಹೊಲದ ಮನೆಯಲ್ಲಿ ತೊಗರಿಗೆ ಹೊಡೆಯುವ ಔಷಧಿ ಇರುತ್ತದೆ. ಬಾಟಲಿಯ ಮುಚ್ಚಳದಲ್ಲಿ ಕಾಲು ಭಾಗ ಬಕೆಟ್ ನೀರಿಗೆ ಹಾಕಿ ಹೊಡೆದರೆ ಒಂದೇ ದಿನದಲ್ಲಿ ಖಲಾಸ್. ಹೋದ ವರ್ಷ ನಾನು ಮಾಡಿದ್ದೆ.

ತೊಗರಿ ಕಣ, ಆಳಂದ ತಾಲೂಕು

ಜೇವರ್ಗಿ ರೋಡ್ ಅವರೇ, ದಯವಿಟ್ಟು ಆ ಮಾತು ವಾಪಸ್ ತಗೊಳ್ಳಿ. ನಾನು ಇಪ್ಪತ್ತು ವರ್ಷದಿಂದ ತೊಗರಿ ಬೆಳೆಯುತ್ತಿದ್ದೇನೆ. ಬಯಲಲ್ಲಿ, ಗಾಳಿ ಬೀಸುವಾಗ, ಬಾಯಿಗೆ ಟವೆಲ್ ಕಟ್ಟಿಕೊಂಡು ಹೊಡೆದರೂ ಸಂಜೆ ತಲೆ ಗಿಮ್ಮೆನ್ನುತ್ತದೆ. ಅದನ್ನು ಮಕ್ಕಳು ಮಲಗುವ ಹಾಲ್‌ನಲ್ಲಿ, ಕಿಟಕಿ ಮುಚ್ಚಿ ಹೊಡೆಯುತ್ತೀರಾ? ಡಬ್ಬಿಯ ಮೇಲೆ ಬಣ್ಣದ ತ್ರಿಕೋನ ಇರುತ್ತದೆ, ನೋಡಿದ್ದೀರಾ? ಕೆಂಪು ಅಂದರೆ ಬಹಳ ಉಗ್ರ ವಿಷ. ಆಮೇಲೆ ಹಳದಿ, ನೀಲಿ, ಕೊನೆಗೆ ಹಸಿರು. ಹೊಲದ ಮನೆಯ ಅಟ್ಟದಲ್ಲಿ ಉಳಿದಿರುವ ಬಾಟಲಿಗಳಲ್ಲಿ ಅರ್ಧಕ್ಕೆ ಲೇಬಲ್ಲೇ ಇರುವುದಿಲ್ಲ. ಡೈಕ್ಲೋರ್ವಾಸ್ ಅಂತ ಒಂದಿತ್ತು, ಹಾಸಿಗೆಯ ತಿಗಣೆಗೆ, ಜಿರಳೆಗೆ ಅಂತ ಜನ ಮನೆಯೊಳಗೂ ಹೊಡೆಯುತ್ತಿದ್ದರು. ಅದು 2020ರ ಡಿಸೆಂಬರ್ 31ರಿಂದ ದೇಶದಲ್ಲೇ ನಿಷೇಧ. ಹಳೆ ಬಾಟಲಿ ಮಾತ್ರ ಇನ್ನೂ ಎಷ್ಟೋ ಮನೆಯಲ್ಲಿ ಕೂತಿದೆ.

ಜೇವರ್ಗಿ ರೋಡ್

ಸರಿ ಸರಿ, ಬೈಬೇಡ್ರಿ. ನನಗೇನೂ ಆಗಲಿಲ್ಲ ಅಂತ ಹೇಳಿದೆ ಅಷ್ಟೇ.

ಅತ್ತೆಯ ತುಳಸಿ, ಕಲಬುರಗಿ

ಏನೂ ಆಗಲಿಲ್ಲ ಅನ್ನುವುದು ಔಷಧಿಯ ಗುಣ ಅಲ್ಲ ರೀ, ನಿಮ್ಮ ನಸೀಬು. ಅವರ ಮನೆಯಲ್ಲಿ ತುಳಸಿ ಬೇರೆ ಇದೆ. ನಮ್ಮತ್ತೆ ದಿನಾ ಬೆಳಿಗ್ಗೆ ಎರಡು ಎಲೆ ಬಾಯಿಗೆ ಹಾಕಿಕೊಳ್ಳುತ್ತಾರೆ. ಅಂಥ ಗಿಡದ ಪಕ್ಕದಲ್ಲೂ ವಿಷ ಬೇಡ.

ಬೀದರ್ ಗಾಳಿ

ನಮ್ಮ ಬೀದರಿನಲ್ಲಿ ಈ ಹುಳದ ಕಾಟ ಇಷ್ಟಿಲ್ಲ. ನಮ್ಮದು ಎತ್ತರದ ಊರು, ತಂಪು. ನಿಮ್ಮ ಕಲಬುರಗಿಯ ಬಿಸಿಲಿಗೆ ಹುಳವೇನು, ಮನುಷ್ಯರೂ ಹುಚ್ಚಾಗಬೇಕು.

ಸುಸಲಾ ಮಿರ್ಚಿ

ಶುರುವಾಯ್ತು ನೋಡಿ ಬೀದರಿನವರದ್ದು. ಮೇ ತಿಂಗಳಲ್ಲಿ ನಿಮ್ಮಲ್ಲೇನು ಹಿಮ ಬೀಳುತ್ತಾ?

ಕೀಟ ನೋಡುವವ

ಜಗಳ ಆಮೇಲೆ ಆಡಿ. ಬಿಸಿಲೂರ ಗಿಡ ಅವರೇ, ಒಂದೇ ಪ್ರಶ್ನೆ. ಸ್ಪ್ರೇಗೆ ಯಾವ ನೀರು ಬಳಸಿದಿರಿ?

ಬಿಸಿಲೂರ ಗಿಡ

ಬೋರಿನ ನೀರು. ಅಪಾರ್ಟ್‌ಮೆಂಟಿನಲ್ಲಿ ಬಳಕೆಗೆ ಅದೇ. ಕುಡಿಯೋಕೆ ಮಾತ್ರ ಆರ್‌ಓ.

ಕೀಟ ನೋಡುವವ

ಹಂಗಾದರೆ ನಿಮ್ಮ ರೋಗ ಅರ್ಧ ಗೊತ್ತಾಯಿತು. ಕೃಷಿ ಓದಿದವನು ನಾನು, ಕೆಲಸ ಬೇರೆ ಮಾಡುತ್ತೇನೆ, ಆದರೂ ಹುಳ ಕಂಡರೆ ನಿಲ್ಲುತ್ತೇನೆ. ಸ್ವಲ್ಪ ಉದ್ದ ಬರೆಯುತ್ತೇನೆ, ಸಹಿಸಿಕೊಳ್ಳಿ.

ನಮ್ಮ ಬೋರಿನ ನೀರು ಗಡಸು. ಅದರಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಜಾಸ್ತಿ. ಬಕೆಟ್ಟಿಗೆ, ನಲ್ಲಿಗೆ ಬಿಳಿ ಪದರ ಕಟ್ಟುತ್ತಲ್ಲ, ಅದೇ. ಈ ನೀರಿಗೆ ಸೋಪು ಬಿದ್ದರೆ ಸೋಪು ಆ ಸುಣ್ಣದ ಜೊತೆ ಸೇರಿ ಗಸಿಯಾಗಿ ಕೂರುತ್ತದೆ. ನೀವು ಕಂಡ ಒಡೆದ ಮೊಸರು ಅದು. ಸೋಪು ಅಲ್ಲೇ ಸತ್ತ ಮೇಲೆ ಎಣ್ಣೆಯನ್ನು ನೀರಿನಲ್ಲಿ ಬೆರೆಸಲು ಯಾರಿದ್ದಾರೆ? ಅದಕ್ಕೇ ಎಣ್ಣೆ ತೇಲಿತು. ನೀವು ಹೊಡೆದ ಮೊದಲ ಅರ್ಧ ಬಾಟಲಿ ಬರೀ ನೀರು, ಕೊನೆಯ ನಾಲ್ಕು ಸ್ಪ್ರೇ ಬರೀ ಎಣ್ಣೆ. ಎಲೆ ಸುಟ್ಟಿದ್ದರೆ ಆ ಕೊನೆಯ ನಾಲ್ಕರಿಂದಲೇ.

ಪರೀಕ್ಷೆ ಸುಲಭ. ಒಂದು ಬಾಟಲಿಗೆ ಬೋರಿನ ನೀರು, ಇನ್ನೊಂದಕ್ಕೆ ಆರ್‌ಓ ನೀರು. ಎರಡಕ್ಕೂ ಚೂರು ಸೋಪು ಹಾಕಿ ಜೋರಾಗಿ ಅಲ್ಲಾಡಿಸಿ. ನೊರೆ ಯಾವುದರಲ್ಲಿ ನಿಲ್ಲುತ್ತದೆ ನೋಡಿ. ಎಸಿ ಇದ್ದರೆ ಅದರ ಪೈಪಿನಿಂದ ತೊಟ್ಟಿಕ್ಕುವ ನೀರು ಇನ್ನೂ ಒಳ್ಳೆಯದು, ಅದರಲ್ಲಿ ಸುಣ್ಣವೇ ಇಲ್ಲ.

ಎರಡನೇದು, ಹಿಟ್ಟು ತಿಗಣೆಯ ಮೈಮೇಲೆ ಇರುವ ಬಿಳಿ ಪುಡಿ ಮೇಣ. ನೀರು ಅದರ ಮೇಲೆ ನಿಲ್ಲದೆ ಜಾರಿ ಹೋಗುತ್ತದೆ. ಹತ್ತಿಯ ಹಾಗೆ ಕಾಣುವ ಗಂಟು ಮೊಟ್ಟೆಯ ಚೀಲ. ಒಂದೊಂದರಲ್ಲಿ ನೂರಾರು ಮೊಟ್ಟೆ. ಮೇಲಿಂದ ಏನು ಹೊಡೆದರೂ ಚೀಲದ ಒಳಗೆ ಇಳಿಯುವುದಿಲ್ಲ. ಅದಕ್ಕೆ ಮೊದಲು ಕೈಯಿಂದ ತೆಗೆಯಬೇಕು, ಆಮೇಲೆ ಸ್ಪ್ರೇ. ನೀವು ಮಾಡಿದ್ದು ಉಲ್ಟಾ.

ಯಾದಗಿರಿ ಸಂಜೆ

ಕೈಯಿಂದ ಅಂದ್ರೆ? ಬೆರಳಲ್ಲಿ ಹಿಚುಕಬೇಕಾ? ಛೀ.

ಎರಡನೇ ಮಹಡಿ

ಇಲ್ಲ ರೀ, ಕಿವಿಗೆ ಹಾಕುವ ಹತ್ತಿ ಕಡ್ಡಿ ಸ್ಪಿರಿಟ್‌ನಲ್ಲಿ ಅದ್ದಿ ಒಂದೊಂದಕ್ಕೂ ಮುಟ್ಟಿಸಬೇಕು. ಮೇಣ ಕರಗಿ ಹುಳ ಕಂದು ಬಣ್ಣಕ್ಕೆ ತಿರುಗುತ್ತದೆ, ಕಣ್ಣೆದುರೇ ಸಾಯುತ್ತದೆ. ಕೊರೊನಾ ಟೈಮಿನ ಸ್ಯಾನಿಟೈಸರ್ ಮನೆಯಲ್ಲಿ ಇನ್ನೂ ಮೂರು ಬಾಟಲಿ ಇತ್ತು, ಹೀಗೆ ಖಾಲಿ ಮಾಡಿದೆ. ನೀರಿನಂತೆ ತೆಳುವಾಗಿದ್ದದ್ದು ಬಳಸಿ, ಜೆಲ್ ಬೇಡ. ಜೆಲ್ ಎಲೆ ಮೇಲೆ ಅಂಟಿಕೊಂಡು ಧೂಳು ಹಿಡಿಯುತ್ತದೆ.

ಅತ್ತೆಯ ತುಳಸಿ

ಸ್ಪಿರಿಟ್ ಮುಟ್ಟಿಸುವಾಗ ದೇವರ ದೀಪ, ಗ್ಯಾಸ್ ಒಲೆ ಹತ್ತಿರ ಇರಬಾರದು. ನಮ್ಮ ಮನೆಯಲ್ಲಿ ತುಳಸಿ ಮುಂದೆ ಊದುಬತ್ತಿ ಉರಿಯುತ್ತಿತ್ತು, ನಾನು ಪಕ್ಕದ ದಾಸವಾಳಕ್ಕೆ ಸ್ಪಿರಿಟ್ ಹೊಡೆಯುತ್ತಿದ್ದೆ. ಅತ್ತೆ ಕೂಗಿದ್ದಕ್ಕೆ ಬಚಾವಾದೆ. ಆಮೇಲೆ ಅವರು "ಸಾರಾಯಿ ತಂದು ತುಳಸಿ ಹತ್ತಿರ ಇಡ್ತೀಯಾ" ಅಂತ ಎರಡು ದಿನ ಮಾತು ಬಿಟ್ಟರು. ಅದು ಬೇರೆ ಕಥೆ.

ಸುಸಲಾ ಮಿರ್ಚಿ

ಬೇರೆ ಕಥೆ ಪೂರ್ತಿ ಹೇಳ್ರಿ, ಹುಳದ ಕಥೆಗಿಂತ ಚೆನ್ನಾಗಿದೆ.

ಬೀದರ್ ಗಾಳಿ

ಬೇವಿನೆಣ್ಣೆ ಬರೀ ಬೋಗಸ್. ನಾನೂ ಹೊಡೆದಿದ್ದೆ, ಮರುದಿನ ಹುಳ ಅಲ್ಲೇ ಇದ್ದವು. ಇದೆಲ್ಲ ಮೊಬೈಲ್‌ನಲ್ಲಿ ವಿಡಿಯೊ ಮಾಡುವವರ ಮಾತು.

ತೊಗರಿ ಕಣ

ಬೋಗಸ್ ಅಂದವರು ಮರುದಿನವೇ ಹೆಣ ಎಣಿಸಲು ಹೋಗಿರುತ್ತಾರೆ. ಬೇವು ಗುಂಡು ಹೊಡೆದ ಹಾಗೆ ಕೊಲ್ಲುವುದಿಲ್ಲ. ಅದನ್ನು ತಿಂದ ಹುಳಕ್ಕೆ ಊಟ ಸೇರುವುದಿಲ್ಲ, ಮರಿ ಹುಳ ಪೊರೆ ಬಿಡಲಾಗದೆ ಸಾಯುತ್ತದೆ. ಅದಕ್ಕೆ ದಿನ ಹಿಡಿಯುತ್ತದೆ. ನಮ್ಮ ಕಡೆ ತೊಗರಿ ಕಾಯಿಕೊರಕಕ್ಕೆ ಬೇವಿನ ಬೀಜದ ಕಷಾಯ ಹಳೆಯ ಪದ್ಧತಿ. ಮುಂಗಾರು ಶುರುವಿನಲ್ಲಿ ಗಿಡದ ಕೆಳಗೆ ಬಿದ್ದ ಬೇವಿನ ಬೀಜ ಆರಿಸಿ, ತೊಳೆದು, ನೆರಳಲ್ಲಿ ಒಣಗಿಸಿ ಇಡುತ್ತೇವೆ. ಬೇಕಾದಾಗ ಕುಟ್ಟಿ, 5 ಕೆಜಿ ಪುಡಿ ರಾತ್ರಿ ನೆನೆಸಿ ಸೋಸಿ 100 ಲೀಟರ್ ಮಾಡುತ್ತೇವೆ. ಮನೆಗೆ ಬೇಕಾದರೆ ಲೀಟರಿಗೆ 50 ಗ್ರಾಂ. ಅಂದು ಸೋಸಿದ್ದು ಅಂದೇ ಹೊಡೆಯಬೇಕು, ಬಾಟಲಿಯಲ್ಲಿ ತುಂಬಿಟ್ಟುಕೊಂಡು ವಾರಗಟ್ಟಲೆ ಬಳಸುವುದಲ್ಲ.

ಇನ್ನೊಂದು ಮಾತು. ಕಷಾಯ ಇಲ್ಲದಿದ್ದರೆ ನಮ್ಮಪ್ಪ ತೊಗರಿ ಗಿಡದ ಕೆಳಗೆ ತಾಡಪತ್ರಿ ಹಾಸಿ ಗಿಡ ಅಲ್ಲಾಡಿಸುತ್ತಿದ್ದರು. ಹುಳ ಪಟಪಟ ಉದುರುತ್ತಿದ್ದವು, ಕೋಳಿಗೆ ಹಬ್ಬ. ನಿಮ್ಮ ಹತ್ತಿ ಕಡ್ಡಿಯೂ ಅದೇ ಲೆಕ್ಕ. ಕೈಯಲ್ಲಿ ತೆಗೆದ ಹುಳ ವಾಪಸ್ ಬರುವುದಿಲ್ಲ.

ಕೀಟ ನೋಡುವವ

ತೊಗರಿ ಕಣ ಅವರು ಹೇಳಿದ್ದು ಸರಿ. ಒಂದು ಸೇರಿಸುತ್ತೇನೆ. ಅಂಗಡಿಯಲ್ಲಿ ಬೇವು ಅಂತ ಎರಡು ಥರದ್ದು ಸಿಗುತ್ತದೆ. ಒಂದು ಗಾಣದ ಬೇವಿನೆಣ್ಣೆ, ಲೀಟರಿಗೆ 5 ಮಿಲಿ. ಇನ್ನೊಂದು ಕೃಷಿ ಅಂಗಡಿಯದು, ಮೇಲೆ 1500, 3000, 10000 ಪಿಪಿಎಂ ಅಂತ ಬರೆದಿರುತ್ತದೆ. ಅದು ಅಜಾಡಿರಾಕ್ಟಿನ್ ಅನ್ನುವ, ಹುಳದ ಮೇಲೆ ಕೆಲಸ ಮಾಡುವ ಬೇವಿನ ಅಂಶದ ಲೆಕ್ಕ. ಅಂಕಿ ದೊಡ್ಡದಾದಷ್ಟು ಔಷಧಿ ಖಡಕ್. 10000ದ್ದನ್ನು 1500ರ ಅಳತೆಯಲ್ಲಿ ಸುರಿದರೆ ಎಲೆ ಕೆಡುತ್ತದೆ. ಡಬ್ಬಿ ಮೇಲಿನ ಅಳತೆ ಓದಿ. ಬಿಸಿಲು ಬಿದ್ದರೆ ಬೇವಿನ ಶಕ್ತಿ ಬೇಗ ಇಳಿಯುತ್ತದೆ, ಹಾಗಾಗಿ ಹೊತ್ತು ಮುಳುಗಿದ ಮೇಲೆ ಹೊಡೆಯಿರಿ.

ಬಿಸಿಲೂರ ಗಿಡ

ಅಯ್ಯೋ. ನಾನು ಹೊಡೆದಿದ್ದು ಬೆಳಿಗ್ಗೆ ಹತ್ತು ಗಂಟೆಗೆ. ಮಕ್ಕಳು ಶಾಲೆಗೆ ಹೋದ ಮೇಲೆ ಕೈ ಖಾಲಿ ಇರುತ್ತದೆ ಅಂತ. ಕಿಟಕಿಯ ಬಿಸಿಲು ನೇರ ಕ್ರೋಟನ್ ಮೇಲೆ.

ಎರಡನೇ ಮಹಡಿ

ಏಪ್ರಿಲ್‌ನಲ್ಲಿ, ಕಲಬುರಗಿಯಲ್ಲಿ, ಹತ್ತು ಗಂಟೆಗೆ, ಎಣ್ಣೆ ಹಚ್ಚಿ ಬಿಸಿಲಿಗೆ ಇಟ್ಟಿರಿ. ಅದು ಔಷಧಿ ಅಲ್ಲ, ಒಗ್ಗರಣೆ.

ಕೀಟ ನೋಡುವವ

ಜೇಡ್‌ಗೆ ಎಣ್ಣೆ, ಸೋಪು ಎರಡೂ ಬೇಡ. ಆ ದಪ್ಪ ಎಲೆಯ ಮೇಲೆ ತೆಳುವಾದ ಮೇಣದ ಲೇಪ ಇರುತ್ತದೆ, ಸೋಪು ಅದನ್ನು ತೆಗೆದುಬಿಡುತ್ತದೆ. ಅದಕ್ಕೆ ಹತ್ತಿ ಕಡ್ಡಿ ಸಾಕು. ಯಾವ ಗಿಡಕ್ಕಾದರೂ ಮೊದಲು ಒಂದೇ ಎಲೆಗೆ ಹಚ್ಚಿ ಎರಡು ದಿನ ನೋಡಿ, ಆಮೇಲೆ ಉಳಿದದ್ದು.

ಯಾದಗಿರಿ ಸಂಜೆ

ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿದರೆ ಗಡಸು ನೀರಿನಲ್ಲೂ ನೊರೆ ಬರುತ್ತಲ್ಲ? ಅದೇ ಸುಲಭ ಅಲ್ವಾ?

ಕೀಟ ನೋಡುವವ

ನೊರೆ ಬರುತ್ತದೆ, ಎಣ್ಣೆಯೂ ಕಲಸುತ್ತದೆ. ಆದರೆ ಅದು ಸೋಪಲ್ಲ, ಡಿಟರ್ಜೆಂಟ್. ಜಿಡ್ಡು ಕೀಳಲು ಮಾಡಿದ್ದು, ಎಲೆಯ ಮೇಣವನ್ನೂ ಕೀಳುತ್ತದೆ. ಎರಡು ಹನಿ ಹಾಕಿದರೆ ಮನಿ ಪ್ಲಾಂಟ್ ತಡೆಯಬಹುದು, ಚಮಚ ಹಾಕಿದರೆ ಇಲ್ಲ. ಒಳ್ಳೆ ನೀರು, ಸಾದಾ ಸೋಪು, ಇದೇ ಕ್ಷೇಮ. ಮೊದಲು ಉಗುರು ಬೆಚ್ಚಗಿನ ನೀರಿನಲ್ಲಿ ಸೋಪು ಕರಗಿಸಿ, ಅದಕ್ಕೆ ಎಣ್ಣೆ ಹಾಕಿ ಹಾಲಿನ ಬಣ್ಣ ಬರುವ ತನಕ ಕಡೆಯಿರಿ. ಆಮೇಲೆ ಉಳಿದ ನೀರು. ಹೊಡೆಯುವಾಗಲೂ ನಡುನಡುವೆ ಬಾಟಲಿ ಅಲ್ಲಾಡಿಸಿ.

ಶಹಾಬಾದ್ ಕಲ್ಲು

ಆರ್‌ಓ ಅಂತ ಹೇಳಿದಿರಲ್ಲ, ನಾನು ಆರ್‌ಓ ಮಷಿನ್‌ನಿಂದ ಹೊರಗೆ ಹೋಗುವ ವೇಸ್ಟ್ ನೀರನ್ನು ಗಿಡಕ್ಕೆ ಹಾಕುತ್ತೇನೆ. ನೀರು ಉಳಿಸಿದ ಹಾಗೂ ಆಯಿತು. ಅದು ನಡೆಯುತ್ತಾ?

ಕೀಟ ನೋಡುವವ

ಸ್ಪ್ರೇಗೆ ಖಂಡಿತ ಬೇಡ. ಬೋರಿನ ನೀರಲ್ಲಿದ್ದ ಉಪ್ಪೆಲ್ಲ ಅದರಲ್ಲಿ ಸೇರಿರುತ್ತದೆ, ಬೋರಿಗಿಂತ ಗಡಸು. ಕುಂಡಕ್ಕೆ ಸುರಿಯುತ್ತಾ ಹೋದರೂ ಮಣ್ಣಲ್ಲಿ ಉಪ್ಪು ಕೂತು ಎಲೆ ತುದಿ ಸುಡುತ್ತದೆ. ಪರಸಿ ಒರೆಸಲು ಬಳಸಿ.

ಶಹಾಬಾದ್ ಕಲ್ಲು

ಓಹೋ, ತುದಿ ಸುಟ್ಟಿದ್ದು ಅದಕ್ಕಾ. ನಾನು ಎರಡು ವರ್ಷದಿಂದ ಬಿಸಿಲನ್ನೇ ಬೈಯುತ್ತಿದ್ದೆ.

ಬಿಸಿಲೂರ ಗಿಡ

ಎಲ್ಲರಿಗೂ ಥ್ಯಾಂಕ್ಸ್. ಬಾಟಲಿ ಪರೀಕ್ಷೆ ಮಾಡಿದೆ. ಬೋರಿನ ನೀರಲ್ಲಿ ನೊರೆ ಮೂರು ಸೆಕೆಂಡ್ ಇರಲಿಲ್ಲ, ಆರ್‌ಓ ನೀರಲ್ಲಿ ಬಾಟಲಿ ಕುತ್ತಿಗೆ ತನಕ ಬಂತು. ಮಗಳು ಶಾಲೆಯ ಪ್ರಾಜೆಕ್ಟಿಗೆ ಫೋಟೊ ತೆಗೆದುಕೊಂಡಳು.

ಇನ್ನೊಂದು ಸಂಶಯ. ಅರೇಕಾ ಪಾಮ್ ಎಲೆ ಮೇಲೆ ಬಿಳಿ ಹುಳ ಇಲ್ಲ, ಆದರೆ ರವೆ ಚೆಲ್ಲಿದ ಹಾಗೆ ಹಳದಿ ಚುಕ್ಕಿ. ಎಲೆ ಮಾಸಲಾಗಿದೆ. ಕಡ್ಡಿ ಸಂದಿಯಲ್ಲಿ ಬಹಳ ಸಣ್ಣ ಬಲೆ. ಇದೂ ಅದೇನಾ?

ಕೀಟ ನೋಡುವವ

ಅಲ್ಲ. ಅದು ಜೇಡನುಸಿ, ಸ್ಪೈಡರ್ ಮೈಟ್. ಹುಳದ ಜಾತಿಯೇ ಅಲ್ಲ, ಎಂಟು ಕಾಲು, ಜೇಡದ ಕಡೆಯ ನೆಂಟ. ಎಲೆ ಕೆಳಗೆ ಬಿಳಿ ಹಾಳೆ ಹಿಡಿದು ಎಲೆ ತಟ್ಟಿ. ಬಿದ್ದ ಚುಕ್ಕಿಗಳು ನಡೆದಾಡಿದರೆ ಅದೇ. ನಮ್ಮ ಬೇಸಿಗೆ ಅಂದರೆ ಅದಕ್ಕೆ ಮದುವೆ ಸೀಸನ್. ಬಿಸಿ ಮತ್ತು ಒಣ ಹವೆಯಲ್ಲಿ ಒಂದು ವಾರ, ಹತ್ತು ದಿನದಲ್ಲೇ ಮೊಟ್ಟೆಯಿಂದ ದೊಡ್ಡದಾಗಿ ಮತ್ತೆ ಮೊಟ್ಟೆ ಇಡುತ್ತದೆ.

ಇದಕ್ಕೆ ಮೊದಲ ಮದ್ದು ನೀರು. ಗಿಡ ಬಾತ್‌ರೂಮಿಗೆ ಒಯ್ದು, ಮಣ್ಣಿಗೆ ಕವರ್ ಕಟ್ಟಿ, ಎಲೆಯ ಕೆಳಭಾಗಕ್ಕೆ ಶವರ್ ಜೋರಾಗಿ ಬಿಡಿ. ಮೂರು ದಿನಕ್ಕೊಮ್ಮೆ, ನಾಲ್ಕೈದು ಸಲ.

ಜೇವರ್ಗಿ ರೋಡ್

ನೋಡಿ, ಈಗ ವಿಷ ಅಂತ ಬೈಯಬೇಡಿ, ಸುಮ್ನೆ ಕೇಳ್ತೀನಿ. ಇಮಿಡಾಕ್ಲೋಪ್ರಿಡ್ ಹಾಕಿದರೆ? ಅಂಗಡಿಯವರು ಎಲ್ಲದಕ್ಕೂ ಅದನ್ನೇ ಕೊಡುತ್ತಾರೆ.

ಕೀಟ ನೋಡುವವ

ನುಸಿಗೆ ಅದು ಕೆಲಸ ಮಾಡುವುದಿಲ್ಲ, ಎಷ್ಟೋ ಸಲ ಅದನ್ನು ಹೊಡೆದ ಮೇಲೆ ನುಸಿ ಜಾಸ್ತಿಯಾಗುತ್ತದೆ. ರಸ ಹೀರುವ ಬೇರೆ ಹುಳಕ್ಕೆ ಕೆಲಸ ಮಾಡುತ್ತದೆ, ಆದರೆ ಗಿಡದ ಮೈತುಂಬ ಸೇರುವ ಔಷಧಿ ಅದು. ತುಳಸಿ, ಪುದೀನ, ಕೊತ್ತಂಬರಿ ಇದ್ದ ಕಡೆ ಬೇಡವೇ ಬೇಡ. ಹದಿನಾಲ್ಕು ಕುಂಡಕ್ಕೆ ಹತ್ತಿ ಕಡ್ಡಿ ಸಾಲದು ಅನ್ನುವ ಸ್ಥಿತಿ ಇನ್ನೂ ಬಂದಿಲ್ಲ.

ತೊಗರಿ ಕಣ

ನುಸಿಗೆ ಗಂಧಕ ಹೊಡೆಯುತ್ತೇವೆ ನಾವು. ನೀರಲ್ಲಿ ಕರಗುವ ಗಂಧಕದ ಪುಡಿ, ಲೀಟರಿಗೆ 2-3 ಗ್ರಾಂ.

ಕೀಟ ನೋಡುವವ

ಹೊಲಕ್ಕೆ ಸರಿ, ಇವರಿಗೆ ಈಗ ಬೇಡ. ಒಂದು, ಈ ಬಿಸಿಲಿನಲ್ಲಿ ಗಂಧಕ ಎಲೆ ಸುಡುತ್ತದೆ. ಎರಡು, ಇವರು ಈಗಾಗಲೇ ಎಣ್ಣೆ ಹೊಡೆದಿದ್ದಾರೆ. ಎಣ್ಣೆ ಬಿದ್ದ ಎಲೆಗೆ ಎರಡು ಮೂರು ವಾರ ಗಂಧಕ ತಾಗಿಸಬಾರದು.

ತೊಗರಿ ಕಣ

ಹೌದು ರೀ, ಒಪ್ಪಿದೆ. ನಾವೂ ಚಳಿಗಾಲದ ಬೆಳೆಗೇ ಹೊಡೆಯುವುದು.

ಎರಡನೇ ಮಹಡಿ

ಒಣ ಹವೆ ನುಸಿಗೆ ಇಷ್ಟ ಅಂದರೆ ಪಾಮ್ ಗಿಡ ಕೂಲರ್ ಹತ್ತಿರ ಇಡಬಹುದಲ್ಲ? ಕೂಲರ್ ಗಾಳಿಯಲ್ಲಿ ತೇವ ಇರುತ್ತದೆ.

ಬೀದರ್ ಗಾಳಿ

ಕೂಲರ್ ಮುಂದೆ ಇಟ್ಟರೆ ಎಲೆ ಹರಿದು ಬಾಳೆ ಎಲೆ ಆಗುತ್ತದೆ.

ಎರಡನೇ ಮಹಡಿ

ಎದುರಿಗೆ ಅಲ್ಲ ಸ್ವಾಮಿ, ಪಕ್ಕಕ್ಕೆ. ನಮ್ಮ ಮನೆಯಲ್ಲಿ ಎಸಿ ರೂಮಿನ ಪಾಮ್‌ಗೆ ನುಸಿ ಬಂತು, ಕೂಲರ್ ಇರುವ ಹಾಲ್‌ನದಕ್ಕೆ ಬರಲಿಲ್ಲ. ಎರಡೂ ಒಂದೇ ದಿನ ತಂದದ್ದು. ಎಸಿ ಗಾಳಿಯ ತೇವ ಹೀರುತ್ತದೆ.

ಸುಸಲಾ ಮಿರ್ಚಿ

ಕರೆಂಟ್ ಹೋದರೆ ಎರಡೂ ಒಂದೇ.

ಹೊಸ ಕುಂಡ

ನಡುವೆ ಬಂದಿದ್ದಕ್ಕೆ ಕ್ಷಮಿಸಿ. ನಮ್ಮ ಮನಿ ಪ್ಲಾಂಟ್ ಕುಂಡದಿಂದ ಸಣ್ಣ ಕರಿ ನೊಣ ಹಾರುತ್ತವೆ. ಟಿವಿ ಮುಂದೆ, ಚಹಾ ಕಪ್ಪಿನಲ್ಲಿ, ಎಲ್ಲ ಕಡೆ. ಮಾವಿನ ಹಣ್ಣಿನ ನೊಣ ಅಂತ ಹಣ್ಣೆಲ್ಲ ಫ್ರಿಜ್‌ಗೆ ಹಾಕಿದೆ, ಹೋಗಲಿಲ್ಲ.

ಯಾದಗಿರಿ ಸಂಜೆ

ಇದು ನನಗೆ ಗೊತ್ತು! ಫಂಗಸ್ ನ್ಯಾಟ್ ಅಂತಾರೆ. ನೀರು ಜಾಸ್ತಿ ಹಾಕುತ್ತಿದ್ದೀರಿ. ಅದರ ಮರಿ ಹಸಿ ಮಣ್ಣಿನ ಮೇಲ್ಪದರದಲ್ಲಿ ಬೂಷ್ಟು ತಿಂದು ಬೆಳೆಯುತ್ತವೆ. ಮೇಲಿನ ಎರಡು ಇಂಚು ಪೂರ್ತಿ ಒಣಗುವ ತನಕ ನೀರು ಕೊಡಬೇಡಿ. ಹಳದಿ ಅಂಟು ಹಾಳೆ ಕೃಷಿ ಅಂಗಡಿಯಲ್ಲಿ ಸಿಗುತ್ತದೆ, ಚೂರು ಕತ್ತರಿಸಿ ಕಡ್ಡಿಗೆ ಸಿಕ್ಕಿಸಿ ಕುಂಡದಲ್ಲಿ ನಿಲ್ಲಿಸಿ. ದೊಡ್ಡ ನೊಣ ಅದಕ್ಕೆ ಅಂಟುತ್ತವೆ, ಮರಿ ಒಣ ಮಣ್ಣಲ್ಲಿ ಸಾಯುತ್ತವೆ. ತಿಂಗಳು ಬೇಕು. ನಮ್ಮ ಹುಡುಗ ಆ ಹಳದಿ ಹಾಳೆಯನ್ನು ಅಪ್ಪನ ಬೆನ್ನಿಗೆ ಅಂಟಿಸಿದ್ದ.

ಹೊಸ ಕುಂಡ

ದಿನಾ ಒಂದು ಚೊಂಬು ಹಾಕುತ್ತಿದ್ದೆ. ಬಿಸಿಲಿಗೆ ಬಾಯಾರಿಕೆ ಆಗುತ್ತೆ ಅಂತ.

ಬೀದರ್ ಗಾಳಿ

ಸರಿ, ನಾನೂ ಒಂದು ಒಪ್ಪಿಕೊಳ್ಳುತ್ತೇನೆ. ಮೊದಲು ಬೀದರಿನಲ್ಲಿ ಹುಳ ಇಲ್ಲ ಅಂದೆ. ನಿಜ ಅಂದರೆ ನಮ್ಮ ದಾಸವಾಳದಲ್ಲಿ ಬಹಳ ಇತ್ತು. ಅದರಲ್ಲಿ ಕೆಲವು ದೊಡ್ಡವು, ಬಿಳಿ ಜಡೆ ಜಡೆ, ಉಳಿದವುಕ್ಕಿಂತ ಎರಡು ಪಟ್ಟು ಉದ್ದ. ಚುರುಕಾಗಿ ಓಡಾಡುತ್ತಿದ್ದವು. ಇವೇ ತಾಯಿ ಹುಳ ಇರಬೇಕು ಅಂತ ಹುಡುಕಿ ಹುಡುಕಿ ಮೊದಲು ಅವನ್ನೇ ಕೊಂದೆ. ಆಮೇಲೆ ಹುಳ ಡಬಲ್ ಆದವು. ಯಾಕೆ ಅಂತ ಇವತ್ತಿಗೂ ಗೊತ್ತಿಲ್ಲ.

ಕೀಟ ನೋಡುವವ

ಅಯ್ಯೋ ಪುಣ್ಯಾತ್ಮ! ನೀವು ಕೊಂದದ್ದು ಪೊಲೀಸರನ್ನು. ಅವು ಗುಲಗಂಜಿ ಹುಳದ, ಅಂದರೆ ಲೇಡಿಬರ್ಡ್‌ನ ಮರಿ. ಕ್ರಿಪ್ಟೊಲೀಮಸ್ ಅಂತ ಒಂದು ಜಾತಿ ಇದೆ, ಆಸ್ಟ್ರೇಲಿಯಾದ್ದು, ಭಾರತಕ್ಕೆ 1898ರಲ್ಲೇ ತಂದದ್ದು. ದ್ರಾಕ್ಷಿ, ಕಾಫಿ ತೋಟದಲ್ಲಿ ಹಿಟ್ಟು ತಿಗಣೆ ತಿನ್ನಲು ಇವನ್ನು ಬಿಡುತ್ತಾರೆ. ಅದರ ಮರಿಯೂ ಮೈಮೇಲೆ ಬಿಳಿ ಮೇಣ ಹೊತ್ತುಕೊಂಡು ಥೇಟ್ ಹಿಟ್ಟು ತಿಗಣೆಯ ಹಾಗೇ ಕಾಣುತ್ತದೆ. ಗುರುತು ನೀವೇ ಹೇಳಿದ್ದೀರಿ. ಹಿಟ್ಟು ತಿಗಣೆ ಕೂತಲ್ಲೇ ಕೂತಿರುತ್ತದೆ, ಇದು ಓಡುತ್ತದೆ.

ಬೀದರ್ ಗಾಳಿ

ಎರಡು ಸಂಜೆ ಕೂತು ಕೊಂದಿದ್ದೆ ರೀ. ಚಿಮಟಿಗೆ ಹಿಡಿದು.

ಜೇವರ್ಗಿ ರೋಡ್

ನನ್ನನ್ನು ಬೈದಿರಲ್ಲ, ಈಗ ಇವರನ್ನೂ ಬೈಯಿರಿ.

ಎರಡನೇ ಮಹಡಿ

ಆ ಗುಲಗಂಜಿ ಹುಳ ತಂದು ಹಾಲ್‌ನಲ್ಲಿ ಬಿಟ್ಟರೆ?

ಕೀಟ ನೋಡುವವ

ಎರಡು ದಿನದಲ್ಲಿ ಕಿಟಕಿ ಗಾಜಿಗೆ ಹೋಗಿ ಕೂರುತ್ತವೆ. ಹೊರಗಿನ ಗಿಡಕ್ಕೆ ಮಾತ್ರ ಅದು. ಹೊರಗೆ ಇಂಥ ಉಪಾಯ ಎಷ್ಟು ನಡೆಯುತ್ತದೆ ಅಂದರೆ, ಪಪ್ಪಾಯಿ ಹಿಟ್ಟು ತಿಗಣೆ 2008ರಲ್ಲಿ ಕೊಯಮತ್ತೂರಿನಲ್ಲಿ ಕಾಣಿಸಿ ತೋಟಗಳನ್ನೇ ನುಂಗುತ್ತಿತ್ತು. 2010ರಲ್ಲಿ ಪೋರ್ಟೊ ರಿಕೊದಿಂದ ಚುಕ್ಕಿಯಷ್ಟು ಸಣ್ಣ ಕಣಜ ತರಿಸಿ, ಬೆಂಗಳೂರಿನ ಸಂಶೋಧನಾ ಸಂಸ್ಥೆಯಲ್ಲಿ ಬೆಳೆಸಿ ಬಿಟ್ಟರು. ಔಷಧಿಗೆ ಬಗ್ಗದ್ದು ಅದಕ್ಕೆ ಬಗ್ಗಿತು.

ಅತ್ತೆಯ ತುಳಸಿ

ಎಲ್ಲ ಸರಿ, ಯಾರೂ ಇರುವೆ ವಿಷಯ ಕೇಳಲಿಲ್ಲ. ಬಿಸಿಲೂರ ಗಿಡ ಅವರೇ, ನಿಮ್ಮ ಕುಂಡದ ಹತ್ತಿರ ಇರುವೆ ಸಾಲು ಇದೆಯಾ?

ಬಿಸಿಲೂರ ಗಿಡ

ಇದೆ! ಕಿಟಕಿ ಗ್ರಿಲ್‌ನಿಂದ ಇಳಿದು ಕ್ರೋಟನ್‌ಗೆ ಬರುತ್ತವೆ. ಇರುವೆ ಹುಳ ತಿನ್ನಲಿ ಅಂತ ಸುಮ್ಮನೆ ಬಿಟ್ಟಿದ್ದೆ.

ಅತ್ತೆಯ ತುಳಸಿ

ತಿನ್ನುವುದಿಲ್ಲ, ಸಾಕುತ್ತವೆ. ಆ ಅಂಟು ಇದೆಯಲ್ಲ, ಹುಳ ಹೊರಹಾಕುವ ಸಿಹಿ ನೀರು, ಇರುವೆಗೆ ಅದು ಹಾಲು. ನಾವು ಎಮ್ಮೆ ಕಾಯ್ದ ಹಾಗೆ ಅವು ಈ ಹುಳ ಕಾಯುತ್ತವೆ. ಮರಿಗಳನ್ನು ಒಂದು ಗಿಡದಿಂದ ಇನ್ನೊಂದಕ್ಕೆ ಒಯ್ಯುತ್ತವೆ, ಗುಲಗಂಜಿ ಹುಳ ಬಂದರೆ ಕಚ್ಚಿ ಓಡಿಸುತ್ತವೆ. ನೀವು ವಾರಕ್ಕೊಮ್ಮೆ ಹುಳ ತೆಗೆಯುತ್ತಿದ್ದೀರಿ, ಅವು ದಿನಾ ತಂದು ಇಡುತ್ತಿವೆ. ಇರುವೆ ಎಲ್ಲಿಂದ ಹೊರಡುತ್ತದೆ ನೋಡಿ, ಅಲ್ಲಿ ನಿಮ್ಮ ಹುಳದ ತವರು ಇದೆ.

ನಮ್ಮಜ್ಜಿ ಬೆಲ್ಲದ ಡಬ್ಬಿಯನ್ನು ನೀರು ತುಂಬಿದ ತಟ್ಟೆಯ ನಡುವೆ ಇಡುತ್ತಿದ್ದರು. ಕುಂಡಕ್ಕೂ ಅದೇ ಮಾಡಿ. ತಟ್ಟೆಯಲ್ಲಿ ಕಲ್ಲಿಟ್ಟು ಅದರ ಮೇಲೆ ಕುಂಡ, ಸುತ್ತ ನೀರು, ಎರಡು ಹನಿ ಸೋಪು. ಎಲೆ ಗೋಡೆಗೆ ತಾಗಬಾರದು, ತಾಗಿದರೆ ಅದೇ ಸೇತುವೆ. ಸೊಳ್ಳೆ ಆಗದ ಹಾಗೆ ಎರಡು ಮೂರು ದಿನಕ್ಕೆ ನೀರು ಚೆಲ್ಲಿ ಬದಲಿಸಿ.

ಕೀಟ ನೋಡುವವ

ಇಷ್ಟೆಲ್ಲ ಬರೆದು ಇರುವೆ ಬಿಟ್ಟುಬಿಟ್ಟಿದ್ದೆ. ನಾಚಿಕೆಯಾಯಿತು.

ಬಿಸಿಲೂರ ಗಿಡ

ಒಂಬತ್ತನೇ ದಿನದ ವರದಿ. ಇರುವೆ ಸಾಲು ಹಿಡಿದು ಹೊರಟೆ. ಗ್ರಿಲ್‌ನ ದಾಸವಾಳಕ್ಕೆ ಹೋಯಿತು. ಅದನ್ನು ನಾನು ಹೊರಗಿನ ಗಿಡ ಅಂತ ನೋಡಿರಲೇ ಇಲ್ಲ, ನೀರು ಹಾಕಿ ಬರುತ್ತಿದ್ದೆ ಅಷ್ಟೇ. ಚಿಗುರೆಲ್ಲ ಮುದುಡಿ ಒಳಗೆ ಬಿಳಿ ಮುದ್ದೆ. ಮೂರು ಕೊಂಬೆ ಕತ್ತರಿಸಿ, ಕವರಿನಲ್ಲಿ ಗಂಟು ಕಟ್ಟಿ ಬಿಸಾಕಿದೆ. ಉಳಿದದ್ದಕ್ಕೆ ಆರ್‌ಓ ನೀರಿನ ಬೇವು, ಸಂಜೆ ಏಳಕ್ಕೆ. ಈ ಸಲ ಹಾಲಿನ ಹಾಗೆ ಕಲಸಿತು. ನಾತ ಮಾತ್ರ ಮನೆತುಂಬ, ಮನೆಯವರು ಮಾಳಿಗೆ ಮೇಲೆ ಮಲಗಿದರು.

ಜೇಡ್ ಮಾತ್ರ ಯಾಕೋ ಸುಧಾರಿಸಲಿಲ್ಲ. ಮೇಲೆ ಒಂದು ಹುಳ ಇಲ್ಲ, ಆದರೂ ಸೊರಗುತ್ತಿದೆ.

ಎರಡನೇ ಮಹಡಿ

ಕುಂಡದಿಂದ ಕಿತ್ತು ಬೇರು ನೋಡಿ. ಬೇರಿಗೂ ಬರುತ್ತದೆ ಅದು.

ಬಿಸಿಲೂರ ಗಿಡ

ಕಿತ್ತೆ. ಕುಂಡದ ಒಳಗೋಡೆಗೆ ಸುಣ್ಣ ಬಳಿದ ಹಾಗೆ ಬಿಳಿ. ಬೇರಿನ ಮೇಲೆ ಅಕ್ಕಿ ನುಚ್ಚಿನಂಥ ಹುಳ. ಹೋದ ದೀಪಾವಳಿಗೆ ಒಂದು ನರ್ಸರಿಯಿಂದ ತಂದು ಸೀದಾ ಹಾಲ್‌ನಲ್ಲಿ ಇಟ್ಟಿದ್ದೆ. ಅಲ್ಲಿಂದಲೇ ಬಂದಿತ್ತೋ, ದಾಸವಾಳದಿಂದ ಇಳಿಯಿತೋ ಗೊತ್ತಿಲ್ಲ.

ಎರಡನೇ ಮಹಡಿ

ಮಣ್ಣೆಲ್ಲ ಎಸೆಯಿರಿ, ಬೇರೆ ಕುಂಡಕ್ಕೂ ಹಾಕಬೇಡಿ. ಮೇಲಿನ ಒಳ್ಳೆ ತುದಿ ನಾಲ್ಕು ಕತ್ತರಿಸಿ, ಮೂರು ದಿನ ನೆರಳಲ್ಲಿ ಗಾಯ ಒಣಗಿಸಿ ಹೊಸ ಮರಳು ಮಣ್ಣಿನಲ್ಲಿ ಊರಿ. ಜೇಡ್ ಹಠಮಾರಿ, ಬರುತ್ತದೆ. ಇನ್ನು ಮೇಲೆ ಹೊಸ ಗಿಡ ತಂದರೆ ಮೂರು ವಾರ ಬೇರೆ ರೂಮಿನಲ್ಲಿ.

ತೊಗರಿ ಕಣ

ಯಾವ ಹುಳ ಅಂತ ಅನುಮಾನ ಬಂದರೆ ಎಲೆಯನ್ನು ಕವರಿನಲ್ಲಿ ಮುಚ್ಚಿಕೊಂಡು ಆಳಂದ ರೋಡಿನ ಕೃಷಿ ವಿಜ್ಞಾನ ಕೇಂದ್ರದಲ್ಲಿ ತೋರಿಸಿ. ಹೊಲದವರೇ ಬರಬೇಕು ಅಂತೇನಿಲ್ಲ.

ಸುಸಲಾ ಮಿರ್ಚಿ

ಹೋದಾಗ ತೊಗರಿ ರೇಟು ಎಷ್ಟಿದೆ ಅಂತ ಕೇಳಿಕೊಂಡು ಬನ್ನಿ.

ತೊಗರಿ ಕಣ

ಅದನ್ನು ಮಾತ್ರ ಕೇಳಬೇಡಿ ರೀ. ಹುಳಕ್ಕಿಂತ ಜಾಸ್ತಿ ನೋವಾಗುತ್ತದೆ. 2019ರಲ್ಲಿ ನಮ್ಮ ಗುಲ್ಬರ್ಗಾ ತೊಗರಿಗೆ ಜಿಐ ಟ್ಯಾಗ್, ಅಂದರೆ ಇದು ಈ ನೆಲದ್ದೇ ಅನ್ನುವ ಸರ್ಕಾರಿ ಗುರುತು, ಬಂತು ಅಂತ ಪೇಢಾ ಹಂಚಿದ್ದೆವು.

ಬಿಸಿಲೂರ ಗಿಡ

ಐದು ವಾರ ಆಯಿತು, ಹೇಳಿ ಹೋಗೋಣ ಅಂತ ಬಂದೆ. ಆರು ದಿನಕ್ಕೊಮ್ಮೆ ನಾಲ್ಕು ಸಲ ಬೇವು ಹೊಡೆದೆ. ಪ್ರತಿ ಭಾನುವಾರ ಹತ್ತಿ ಕಡ್ಡಿ ಹಿಡಿದು ಎಲೆ ಎಲೆ ನೋಡುತ್ತೇನೆ. ಮೊದಲ ವಾರ ಎಂಬತ್ತಕ್ಕೂ ಮೇಲೆ ಎಣಿಸಿದ್ದೆ, ನಿನ್ನೆ ಮೂರು ಸಿಕ್ಕಿದವು. ಪಾಮ್‌ನ ಹಳೆ ಎಲೆ ಹಾಗೇ ಮಾಸಲು, ಹೊಸ ಗರಿ ಹಸಿರಾಗಿ ಬಂದಿದೆ. ಒಂದು ಕ್ರೋಟನ್ ಸತ್ತಿತು, ನನ್ನ ಒಗ್ಗರಣೆಯಿಂದ. ಜೇಡ್‌ನ ನಾಲ್ಕು ತುದಿಯಲ್ಲಿ ಎರಡು ಬೇರು ಬಿಟ್ಟಿವೆ. ತುಳಸಿಗೆ ಏನೂ ಹೊಡೆದಿಲ್ಲ, ಬರೀ ನೀರು. ಮನೆಯವರು ಗಿಡ ಎಸೆಯುವ ಮಾತು ನಿಲ್ಲಿಸಿದ್ದಾರೆ, ಯಾಕೆಂದರೆ ಎಣಿಸುವ ಕೆಲಸ ಈಗ ಅವರದೇ. ನನಗಿಂತ ಕಣ್ಣು ಚುರುಕು.

ಜೇವರ್ಗಿ ರೋಡ್

ಉಳಿದ ಕ್ರೋಟನ್‌ದು ಒಂದು ಕಟಿಂಗ್ ಕೊಡ್ತೀರಾ? ಅದರ ಬಣ್ಣ ಚೆನ್ನಾಗಿದೆ ಅಂದ್ರಲ್ಲ.

ಬಿಸಿಲೂರ ಗಿಡ

ಬಣ್ಣದ ವಿಷಯ ನಾನು ಹೇಳೇ ಇಲ್ಲ. ಆದರೂ ಕೊಡ್ತೀನಿ, ಎರಡು ಕಂಡೀಷನ್. ಮೂರು ವಾರ ಬೇರೆ ರೂಮಿನಲ್ಲಿ ಇಡಬೇಕು. ಕಾಕಾನ ಬಾಟಲಿ ಮುಟ್ಟಬಾರದು.

ಜೇವರ್ಗಿ ರೋಡ್

ನಮ್ಮ ಮನೆಯಲ್ಲಿ ಇರುವುದೇ ಒಂದು ರೂಮು ರೀ.

ಸುಸಲಾ ಮಿರ್ಚಿ

ಹಂಗಾದ್ರೆ ಮೂರು ವಾರ ನೀವು ಹೊರಗಿರಿ.